ಮೀಸೆ ಚಿಗುರುವ ಹೊತ್ತಿನ ಸಿನಿಮಾ



ಈ ಸಲದ ಬರಹಕ್ಕೆ ವಿಷಯ ಕೊಟ್ಟವರು ದ್ವಾರಕಾದ ಕೇಳುಗರೊಬ್ಬರು. ನಮ್ಮ ಕನ್ನಡ ಅವಧಿ ಮುಗಿದ ಮೇಲೆ ಫೋನ್ ಮಾಡಿ, "ಏನ್ರೀ, ಹಾಡಿನ ಮಧ್ಯೆ ಮಧ್ಯೆ ಈ ಅವಾರ್ಡ್ ಸಿನಿಮಾಗಳನ್ನ ಅಷ್ಟೊಂದು ಹೊಗಳ್ತೀರಲ್ಲ. ಅದರಲ್ಲಿ ಹೀರೋ ಇಲ್ಲ, ಫೈಟಿಲ್ಲ, ಹಾಡಂತೂ ಇಲ್ಲವೇ ಇಲ್ಲ. ಒಬ್ಬ ಹುಡುಗ ಸುಮ್ಮನೆ ನೋಡ್ತಾ ನಿಂತಿರ್ತಾನೆ. ಅದರಲ್ಲಿ ಏನು ಚೆಂದ ಅಂತ ಒಂದು ಸಲ ಬಿಡಿಸಿ ಹೇಳಿಬಿಡಿ" ಅಂದರು. ತಮಾಷೆಯಾಗಿಯೇ ಹೇಳಿದರು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದರು: "ನನ್ನ ಮಗನಿಗೆ ಹದಿನಾರು. ಅವನ ಜೊತೆ ಕೂತು ನೋಡಬಹುದಾ?"

ಮೊದಲನೇ ಪ್ರಶ್ನೆಗೆ ಉತ್ತರ ಉದ್ದವಿದೆ. ಎರಡನೆಯದು ಚಿಕ್ಕದು, ಆದರೆ ಕಷ್ಟದ್ದು. ಒಂದೊಂದಾಗಿ ನೋಡೋಣ.

ಇಂಥ ಚಿತ್ರಗಳಿಗೆ ಇಂಗ್ಲಿಷಿನವರು ‘ಕಮಿಂಗ್ ಆಫ್ ಏಜ್’ ಅನ್ನುತ್ತಾರೆ. ಕನ್ನಡದಲ್ಲಿ ಅದಕ್ಕೊಂದು ಒಪ್ಪವಾದ ಹೆಸರು ಇನ್ನೂ ಕೂತಿಲ್ಲ. ‘ದೊಡ್ಡವಳಾದಳು’ ಅಂದರೆ ನಮ್ಮ ಕಡೆ ಆರತಿ, ಚಿಗಳಿ, ತಂಬಿಟ್ಟು, ನೆಂಟರ ಗದ್ದಲ ಅಂತಲೇ ಅರ್ಥ. ಹುಡುಗರಿಗೆ ಅಷ್ಟೂ ಇಲ್ಲ. ದನಿ ಒಡೆಯುತ್ತದೆ, ಮೀಸೆ ಚಿಗುರುತ್ತದೆ, ಅಪ್ಪ ಬೈಯುವ ಧಾಟಿ ಬದಲಾಗುತ್ತದೆ, ಅಷ್ಟೇ. ಒಳಗೆ ಏನು ನಡೆಯಿತು ಅಂತ ಯಾರೂ ಕೇಳುವುದಿಲ್ಲ. ಆ ಒಳಗಿನದನ್ನು, ಸ್ಟಾರುಗಳ ಹಂಗಿಲ್ಲದೆ, ದೊಡ್ಡ ಬಂಡವಾಳದ ಹಂಗಿಲ್ಲದೆ, ಇದ್ದದ್ದು ಇದ್ದ ಹಾಗೆ ಹೇಳಲು ಹೊರಟ ಚಿತ್ರಗಳ ಮಾತು ಇದು. ಪಶ್ಚಿಮದಲ್ಲಿ ತ್ರುಫೋ 1959ರಲ್ಲಿ ‘ದಿ ಫೋರ್ ಹಂಡ್ರೆಡ್ ಬ್ಲೋಸ್’ ಮಾಡಿದ್ದು, ಅದಕ್ಕೂ ನಾಲ್ಕು ವರ್ಷ ಮೊದಲೇ ಸತ್ಯಜಿತ್ ರಾಯ್ ‘ಪಥೇರ್ ಪಾಂಚಾಲಿ’ಯಲ್ಲಿ ಅಪುವನ್ನು ನಮ್ಮ ಮುಂದೆ ನಿಲ್ಲಿಸಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನಾನು ಹೇಳಹೊರಟಿರುವುದು ನಮ್ಮ ಮನೆಯ ಕಥೆ.

1977ರ ‘ಘಟಶ್ರಾದ್ಧ’ವನ್ನೇ ತೆಗೆದುಕೊಳ್ಳಿ. ಯು.ಆರ್. ಅನಂತಮೂರ್ತಿಯವರ ಕಥೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಬಂದಿದ್ದ ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ. ಕಪ್ಪು ಬಿಳುಪು. ಮಲೆನಾಡಿನ ಅಗ್ರಹಾರವೊಂದರಲ್ಲಿ ಉಡುಪರ ವೇದಪಾಠಶಾಲೆ. ಅಲ್ಲಿಗೆ ನಾಣಿ ಎಂಬ ಪುಟ್ಟ ಹುಡುಗ ಹೊಸದಾಗಿ ಬರುತ್ತಾನೆ. ಮನೆಯ ನೆನಪು, ದೊಡ್ಡ ಹುಡುಗರ ಕಾಟ. ಅವನನ್ನು ಹತ್ತಿರ ಕೂರಿಸಿಕೊಂಡು ಅಕ್ಕರೆ ತೋರಿಸುವವಳು ಉಡುಪರ ಮಗಳು ಯಮುನಾ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಈಗ ಊರಿನ ಶಾಲೆಯ ಮೇಷ್ಟರಿಂದ ಬಸುರಿ.

ಸ್ವಲ್ಪ ಯೋಚಿಸಿ ನೋಡಿ. ಇದೇ ಕಥೆಯನ್ನು ಯಮುನಾಳ ಕಡೆಯಿಂದ ಹೇಳಿದ್ದರೆ ಕರವಸ್ತ್ರ ಒದ್ದೆಯಾಗುವ ಸಿನಿಮಾ ಆಗುತ್ತಿತ್ತು. ಉಡುಪರ ಕಡೆಯಿಂದ ಹೇಳಿದ್ದರೆ ಸಮಾಜ ಸುಧಾರಣೆಯ ಭಾಷಣ ಆಗಬಹುದಿತ್ತು. ನಾಣಿಯ ಕಡೆಯಿಂದ ಹೇಳಿದ್ದರಿಂದ ಬೇರೆಯದೇ ಒಂದು ಕೆಲಸ ನಡೆಯುತ್ತದೆ. ಅವನು ನೋಡುವುದು ಅರ್ಧ, ಕೇಳಿಸಿಕೊಳ್ಳುವುದು ಕಾಲು. ಬಾಗಿಲ ಸಂದಿ, ಪಿಸುಮಾತು, ತಾನು ಒಳಗೆ ಬಂದ ಕೂಡಲೇ ನಿಂತುಹೋಗುವ ಮಾತು. ನೋಡುತ್ತ ಕೂತ ನಮಗೆ ಎಲ್ಲ ಗೊತ್ತು, ಆ ಹುಡುಗನಿಗೆ ಗೊತ್ತಿಲ್ಲ. ಯಮುನಾ ಹಾವಿನ ಹುತ್ತಕ್ಕೆ ಕೈ ಹಾಕಲು ಹೋಗುವಾಗ ಜೊತೆಗಿರುವವನು ಅವನೇ. ರಾತ್ರಿಯ ಕತ್ತಲಲ್ಲಿ ಅವಳ ಗರ್ಭ ತೆಗೆಸುವ ಹೊತ್ತು ಹೊರಗೆ ಹೆದರಿ ನಿಂತವನೂ ಅವನೇ. ಒಳಗೆ ಏನಾಗುತ್ತಿದೆ ಎಂದು ಅವನಿಗೆ ಯಾರೂ ಹೇಳುವುದಿಲ್ಲ. ಆದರೆ ಚಿತ್ರ ಮುಂದೆ ಹೋದ ಹಾಗೆ ನಮ್ಮ ಅರಿವಿಗೂ ಅವನ ಅರಿವಿಗೂ ನಡುವಿನ ಅಂತರ ಇಂಚಿಂಚಾಗಿ ಕಡಿಮೆಯಾಗುತ್ತ ಬರುತ್ತದೆ. ಕಡೆಗೆ, ಬದುಕಿರುವ ಮಗಳಿಗೇ ಅಪ್ಪ ಘಟಶ್ರಾದ್ಧ ಮಾಡಿ, ತಲೆ ಬೋಳಿಸಿದ ಯಮುನಾ ಮರದ ಕೆಳಗೆ ಒಂಟಿಯಾಗಿ ಕೂತಿರುವಾಗ, ನಾಣಿಯನ್ನು ಅವನ ತಂದೆ ಮನೆಗೆ ಕರೆದೊಯ್ಯುತ್ತಾರೆ. ಹುಡುಗ ತಿರುಗಿ ನೋಡುತ್ತಾನೆ. ಆ ನೋಟದಲ್ಲಿ ಅಂತರ ಮುಚ್ಚಿಹೋಗಿರುತ್ತದೆ. ನಮಗೆ ಗೊತ್ತಿದ್ದದ್ದು ಈಗ ಅವನಿಗೂ ಗೊತ್ತು. ‘ಹುಡುಗ ಬೆಳೆದ’ ಅಂತ ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ.

ಮಗಳನ್ನು ಹೀಗೆ ಕಳೆದುಕೊಂಡ ಉಡುಪರು ತಾವು ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುವ ಸುದ್ದಿಯೂ ಚಿತ್ರದಲ್ಲಿದೆ. ಅದಕ್ಕೆ ಹಿನ್ನೆಲೆಯಲ್ಲಿ ಢಂ ಎಂಬ ಸದ್ದಿಲ್ಲ. ಮಾತಿನ ನಡುವೆ ಬಂದು ಹೋಗುತ್ತದೆ. ಮನೆಗಳಲ್ಲಿ ಅನ್ಯಾಯದ ಸುದ್ದಿ ನಮ್ಮ ಕಿವಿಗೆ ಬೀಳುವುದೂ ಹೀಗೇ ಅಲ್ಲವೇ, ಕಾಫಿ ಲೋಟ ಇಡುತ್ತ, ಬೇರೆ ಏನೋ ಹೇಳುತ್ತ?

ಈ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ಬಂತು. ನಾಣಿಯಾಗಿದ್ದ ಅಜಿತ್ ಕುಮಾರನಿಗೆ ಬಾಲನಟ ಪ್ರಶಸ್ತಿ, ಬಿ.ವಿ. ಕಾರಂತರಿಗೆ ಸಂಗೀತದ ಪ್ರಶಸ್ತಿ. ಅದೇ 1977ರಲ್ಲಿ ಕಾರಂತರು ನಮ್ಮ ಮಂಡಿ ಹೌಸಿನ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ ದೆಹಲಿಗೆ ಬಂದರು ಎಂಬುದು ನಮಗೊಂದು ಹೆಮ್ಮೆ. ಇನ್ನೊಂದು ಸಂಗತಿ ನನಗೆ ಅದಕ್ಕಿಂತ ಹೆಚ್ಚು ಪ್ರಿಯ. ಈ ಚಿತ್ರಕ್ಕೆ ದುಡ್ಡು ಹಾಕಿದವರು ಬೆಂಗಳೂರಿನ ಗಾಂಧಿನಗರದವರಲ್ಲ. ಮುಂಬಯಿಯಲ್ಲಿ ನೆಲೆಸಿ ಕನ್ನಡ ನಾಟಕ ಆಡಿಸುತ್ತಿದ್ದ ಸದಾನಂದ ಸುವರ್ಣ ಅವರು. ಅಂದರೆ ನಮ್ಮ ಹಾಗೆ ಹೊರನಾಡಿನ ಕನ್ನಡಿಗರು. ಊರು ಬಿಟ್ಟವರಿಗೇ ಊರಿನ ಕಥೆಯ ಬೆಲೆ ಗೊತ್ತು ಅಂತ ನಾನು ಸುಮ್ಮನೆ ಜಂಬ ಪಡುತ್ತೇನೆ, ಕ್ಷಮಿಸಿ. ಸುವರ್ಣ ಅವರು 2024ರಲ್ಲಿ ತೀರಿಕೊಂಡರು. ಅದೇ ವರ್ಷ ‘ಘಟಶ್ರಾದ್ಧ’ದ ಹೊಸದಾಗಿ ಶುಚಿಗೊಳಿಸಿದ ಪ್ರತಿ ವೆನಿಸ್ ಚಿತ್ರೋತ್ಸವದ ಹಳೆಯ ಮೇರುಕೃತಿಗಳ ವಿಭಾಗದಲ್ಲಿ ತೆರೆ ಕಂಡಿತು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನೂ, ಮಾರ್ಟಿನ್ ಸ್ಕಾರ್ಸೆಸಿಯವರ ಸಂಸ್ಥೆಯೂ ಸೇರಿ ಮಾಡಿದ ಕೆಲಸ ಅದು.

ಹಿರಿಯ ಕೇಳುಗರಿಗೆ ನೆನಪಿರಬಹುದು, ಎಂಬತ್ತರ ದಶಕದಲ್ಲಿ ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಾದೇಶಿಕ ಭಾಷೆಯ ಪ್ರಶಸ್ತಿ ಚಿತ್ರಗಳು ಬರುತ್ತಿದ್ದವು. ದೆಹಲಿಯ ಎಷ್ಟೋ ಕನ್ನಡ ಮನೆಗಳಲ್ಲಿ ಊಟ ಮುಗಿಸಿ, ‘ಇವತ್ತು ಕನ್ನಡದ್ದಂತೆ’ ಎಂದು ಪಕ್ಕದ ಮನೆಯವರನ್ನೂ ಕರೆದು ಕೂರುತ್ತಿದ್ದ ಕಾಲ. 2003ರವರೆಗೂ ಅಂತರರಾಷ್ಟ್ರೀಯ ಚಿತ್ರೋತ್ಸವ ಸಿರಿ ಫೋರ್ಟಿಗೆ ಬರುತ್ತಿತ್ತು. 2004ರಲ್ಲಿ ಅದು ಗೋವಾಕ್ಕೆ ಹೋಯಿತು. ಆಮೇಲೆ ನಮಗೆ ಇಂಥ ಚಿತ್ರ ನೋಡಲು ಸಿಗುವುದೇ ಅಪರೂಪವಾಯಿತು. ರುಚಿಯೂ ತಪ್ಪಿತು.

ಎಳೆಯರ ಚಿತ್ರ ಅಂದಾಗ ಬಹಳ ಜನ ಮೊದಲು ಹೇಳುವುದು ‘ಬೆಟ್ಟದ ಹೂವು’. 1985ರದ್ದು, ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ, ಪುನೀತ್‌ಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ರಾಜ್‌ಕುಮಾರ್ ಅವರ ಮನೆಯವರೇ ನಿರ್ಮಿಸಿದ್ದರಿಂದ ಅದನ್ನು ಸ್ವತಂತ್ರ ಚಿತ್ರ ಅನ್ನಲಾಗದು. ಆದರೂ ಅದರ ನಡುವೆ ಇರುವ ಪ್ರಶ್ನೆ ಈ ಜಾತಿಯದೇ. ಹುಡುಗ ಕಾಡಿನ ಹೂ ಮಾರಿ ಕಾಸು ಕೂಡಿಸುವುದು ಕುವೆಂಪು ಅವರ ರಾಮಾಯಣ ದರ್ಶನಂ ಕೊಳ್ಳಲು. ಕೈಗೆ ದುಡ್ಡು ಬಂದಾಗ ಮನೆಯಲ್ಲಿ ಚಳಿ. ಪುಸ್ತಕವೋ, ಕಂಬಳಿಯೋ? ಅವನು ಕಂಬಳಿ ತರುತ್ತಾನೆ. ಅಪ್ಪ ಅಮ್ಮ ಬಲವಂತ ಮಾಡಿದ್ದರೆ ಇದು ಸಾಧಾರಣ ಕಥೆ. ಯಾರೂ ಹೇಳದೆ ತಾನೇ ಆರಿಸಿಕೊಂಡ, ಅಲ್ಲಿಗೆ ಅವನ ಬಾಲ್ಯ ಮುಗಿಯಿತು.

ಇನ್ನು ‘ನೈಜ’ ಅನ್ನುವ ಮಾತಿಗೆ ಬರೋಣ. ನಿಧಾನವಾಗಿದ್ದರೆ ನೈಜ, ಮುಖ ಸಪ್ಪಗಿದ್ದರೆ ಕಲೆ ಅಂತ ಒಂದು ತಪ್ಪು ತಿಳಿವಳಿಕೆ ಇದೆ. ಬಡ ಹುಡುಗನೊಬ್ಬನನ್ನು ಗುಡ್ಡದ ಮೇಲೆ ನಿಲ್ಲಿಸಿ ಐದು ನಿಮಿಷ ಗಾಳಿ ಬೀಸಿಸಿದ ಚಿತ್ರಗಳೂ ಕನ್ನಡದಲ್ಲಿ ಇವೆ. ಅವುಗಳ ಹೆಸರು ಬೇಡ. ದ್ವಾರಕಾದವರ ಆಕ್ಷೇಪ ಬಹುಶಃ ಅಂಥವನ್ನು ನೋಡಿ ಹುಟ್ಟಿದ್ದು. ನಿಜವಾದ ನೈಜತೆಗೆ ಗೇಯ್ಮೆ ಬೇಕು.

‘ತಿಥಿ’ ನೋಡಿ. ಈರೇಗೌಡರೂ ರಾಮ್ ರೆಡ್ಡಿಯವರೂ ಸೇರಿ ಕಥೆ ಬರೆದದ್ದು, ರಾಮ್ ರೆಡ್ಡಿ ನಿರ್ದೇಶಿಸಿದ್ದು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಚಿತ್ರಿಸಿದ್ದು. ಬಣ್ಣ ಹಚ್ಚಿ ಅನುಭವವಿದ್ದ ನಟರು ಇಲ್ಲ, ಆ ಕಡೆಯ ಹಳ್ಳಿಯ ಜನರೇ ಪಾತ್ರಗಳು. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯೊಳಗೆ ಮಗ ಗಡ್ಡಪ್ಪ, ಮೊಮ್ಮಗ ತಮ್ಮಣ್ಣ, ಮರಿಮಗ ಅಭಿ ಏನೇನು ಮಾಡಿದರು ಅನ್ನುವುದೇ ಕಥೆ. ಗಡ್ಡಪ್ಪನಿಗೆ ಯಾವುದರ ಹಂಗೂ ಇಲ್ಲ, ಬೀಡಿ ಸೇದುತ್ತ ನಡೆಯುತ್ತಿರುತ್ತಾನೆ. ತಮ್ಮಣ್ಣನಿಗೆ ಜಮೀನಿನ ಚಿಂತೆ. ಅಭಿಗೆ ಮುತ್ತಜ್ಜ ಸತ್ತದ್ದಕ್ಕಿಂತ ಕುರಿ ಕಾಯುವವರ ಹುಡುಗಿ ಕಾವೇರಿ ಎಲ್ಲಿದ್ದಾಳೆ ಅನ್ನುವುದು ಮುಖ್ಯ. ಸಾವಿನ ಮನೆಯಲ್ಲಿ ಹದಿಹರೆಯದವನ ಮನಸ್ಸು ಎಲ್ಲಿರುತ್ತದೆ ಎಂದು ಪ್ರಾಮಾಣಿಕವಾಗಿ ತೋರಿಸಿದ್ದು ಕಡಿಮೆ ಸಾಧನೆಯಲ್ಲ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಗೋಲ್ಡನ್ ಲೆಪರ್ಡ್ ಬಂತು, ಮೊದಲ ಚಿತ್ರದ ಪ್ರಶಸ್ತಿಯೂ ಬಂತು. 2016ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದಾಗ ಜನ ಬಿದ್ದು ಬಿದ್ದು ನಕ್ಕರು.

ನನ್ನ ಕೆಲಸ ಮೈಕಿನ ಮುಂದಿನದು, ಹಾಗಾಗಿ ನಾನು ಮೊದಲು ಕಿವಿಯಿಂದ ಸಿನಿಮಾ ನೋಡುವವನು. ‘ತಿಥಿ’ಯಲ್ಲಿ ನನಗೆ ಹಿಡಿಸಿದ್ದು ಮಾತು. ಡಬ್ಬಿಂಗ್ ಕೋಣೆಯಲ್ಲಿ ಹುಟ್ಟಿದ ಮಂಡ್ಯ ಕನ್ನಡ ಒಂದಿದೆ, ಎಲ್ಲ ಹಾಸ್ಯನಟರೂ ಆಡುವಂಥದ್ದು. ಇದು ಅದಲ್ಲ. ಇಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ, ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ, ಬೈಗುಳ ಪ್ರೀತಿಯ ಜಾಗದಲ್ಲಿ ಬರುತ್ತದೆ. ಗಡ್ಡಪ್ಪ ಬೆಂಕಿಯ ಮುಂದೆ ಕೂತು ತನ್ನ ಹಳೆಯ ಕಥೆ ಹೇಳುವ ಒಂದು ದೃಶ್ಯವಿದೆ. ಕಣ್ಣು ಮುಚ್ಚಿಕೊಂಡು ಕೇಳಿ, ರೇಡಿಯೋ ನಾಟಕಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಹಳ್ಳಿ, ಅಗ್ರಹಾರ ಎಲ್ಲ ಆಯಿತು, ದೆಹಲಿಯ ಫ್ಲ್ಯಾಟಿನ ಹದಿನಾರರ ಹುಡುಗನಿಗೂ ಇದಕ್ಕೂ ಏನು ಸಂಬಂಧ? ಆ ಹುಡುಗನಿಗೆ ತೀರ ಹತ್ತಿರದ ಚಿತ್ರ ಅಂದರೆ ಪೃಥ್ವಿ ಕೊಣನೂರು ಅವರ ‘ಹದಿನೇಳೆಂಟು’. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವಕ್ಕೆ ಹೋಯಿತು, ಅದೇ ವರ್ಷ ಗೋವಾದಲ್ಲಿ ಇಂಡಿಯನ್ ಪನೋರಮಾದ ಉದ್ಘಾಟನಾ ಚಿತ್ರವಾಯಿತು. ಕೊಣನೂರರು ಇದಕ್ಕೂ ಮೊದಲು ಮನೆ ಬಿಟ್ಟು ಓಡಿಬಂದ ಹುಡುಗರ ಬಗ್ಗೆ ‘ರೈಲ್ವೇ ಚಿಲ್ಡ್ರನ್’ ಮಾಡಿದ್ದವರು. ಅದರಲ್ಲಿ ನಟಿಸಿದ ಮನೋಹರನಿಗೆ ಬಾಲನಟನ ರಾಷ್ಟ್ರಪ್ರಶಸ್ತಿ ಸಿಕ್ಕಿತ್ತು.

‘ಹದಿನೇಳೆಂಟು’ ಕಥೆ ಇಷ್ಟು. ದ್ವಿತೀಯ ಪಿಯುಸಿಯ ದೀಪಾ, ಹರಿ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದವರು. ತರಗತಿ ಖಾಲಿಯಾದ ಮೇಲೆ ಇಬ್ಬರೇ ಇದ್ದಾಗಿನ ಖಾಸಗಿ ಗಳಿಗೆಯೊಂದು ಮೊಬೈಲಿನಲ್ಲಿ ಸೆರೆಯಾಗುತ್ತದೆ, ಆ ವಿಡಿಯೊ ಅಂತರ್ಜಾಲಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಮಕ್ಕಳ ಕೈಯಲ್ಲಿ ಏನೂ ಇಲ್ಲ. ಕಾಲೇಜಿನ ಆಡಳಿತ, ಮನೆಯವರು, ಪೊಲೀಸರು, ಕೋರ್ಟು, ಎಲ್ಲ ದೊಡ್ಡವರೇ. ಹುಡುಗಿ ದಲಿತರ ಮನೆಯವಳು, ಹುಡುಗ ಬ್ರಾಹ್ಮಣರ ಮನೆಯವನು. ಎರಡೂ ಮನೆಯಲ್ಲಿ ದುಡ್ಡಿಗೆ ತಾಪತ್ರಯ. ಇಬ್ಬರೂ ಮಾಡಿದ್ದು ಒಂದೇ, ಆದರೆ ಅದರ ಭಾರ ಇಬ್ಬರ ಮೇಲೂ ಒಂದೇ ಸಮ ಬೀಳುತ್ತದೆಯೇ? ಚಿತ್ರ ಕುತೂಹಲ ಹುಟ್ಟಿಸುವುದು ಇಲ್ಲಿ. ಒಬ್ಬ ಖಳನಾಯಕನನ್ನು ತೋರಿಸಿ ‘ಇವನಿಂದಲೇ ಆದದ್ದು’ ಅಂದುಬಿಟ್ಟಿದ್ದರೆ ನಾವು ಹಗುರಾಗಿ ಮನೆಗೆ ಹೋಗುತ್ತಿದ್ದೆವು. ಇಲ್ಲಿ ಎಲ್ಲರೂ ತಂತಮ್ಮ ಕೆಲಸ ಮಾಡುತ್ತಿರುವವರೇ. ಸಂಸ್ಥೆಯ ಹೆಸರು ಉಳಿಯಲಿ ಅನ್ನುವವರು, ಮಗುವಿನ ಭವಿಷ್ಯ ಉಳಿಯಲಿ ಅನ್ನುವವರು. ಎಲ್ಲರ ಕೆಲಸ ಸೇರಿ ಆ ಎರಡು ಎಳೆಯ ಜೀವಗಳನ್ನು ಅರೆಯುತ್ತದೆ.

ಹೆಸರಿನಲ್ಲೇ ಒಂದು ಗೆರೆ ಇದೆ ನೋಡಿ, ಹದಿನೇಳು ಮತ್ತು ಹದಿನೆಂಟರ ನಡುವಿನದು. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರು ಮಗು, ಅವರ ಒಪ್ಪಿಗೆ ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ. ಹುಟ್ಟುಹಬ್ಬದ ಹಿಂದಿನ ದಿನ ಒಂದು, ಮರುದಿನ ಇನ್ನೊಂದು. ಮನಸ್ಸು ಹಾಗೆ ಒಂದೇ ರಾತ್ರಿಯಲ್ಲಿ ಬದಲಾಗುವುದಿಲ್ಲ. ಮಕ್ಕಳನ್ನು ಕಾಪಾಡಲು ಆ ಗೆರೆ ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಗೆರೆಯ ಎರಡೂ ಬದಿಗೆ ಕಾಲಿಟ್ಟು ನಿಂತ ಮಕ್ಕಳ ಪಾಡೇನು ಎಂದು ಕೇಳಲು ಕಾನೂನಿನ ಪುಸ್ತಕಕ್ಕೆ ಪುರುಸೊತ್ತಿಲ್ಲ. ಸಿನಿಮಾಕ್ಕಿದೆ.

ದೆಹಲಿಯವರಿಗೆ ಇದು ಹೊಸ ಕಥೆ ಅಲ್ಲ. 2004ರಲ್ಲಿ ಇಲ್ಲಿನ ಶಾಲೆಯೊಂದರ ಇಬ್ಬರು ವಿದ್ಯಾರ್ಥಿಗಳ ಮೊಬೈಲ್ ವಿಡಿಯೊ ಊರೆಲ್ಲ ಹರಡಿ, ಹರಾಜು ಜಾಲತಾಣವೊಂದರಲ್ಲಿ ಮಾರಾಟಕ್ಕೂ ಬಂದು, ಆ ಡಿಸೆಂಬರಿನಲ್ಲಿ ತಾಣದ ಮುಖ್ಯಸ್ಥರ ಬಂಧನದವರೆಗೂ ಹೋಗಿತ್ತು. ಮೊಬೈಲಿನಲ್ಲಿ ಕ್ಯಾಮೆರಾ ಇರುವುದೇ ಆಗ ಹೊಸದು. ಹಿಂದಿ ಸಿನಿಮಾ ಆ ಘಟನೆಯ ನೆರಳನ್ನು ಬಳಸಿಕೊಂಡಿತು, 2009ರ ‘ದೇವ್ ಡಿ’ಯಲ್ಲಿ ಒಂದು ಪಾತ್ರದ ಹಿನ್ನೆಲೆಯೇ ಅಂಥದ್ದು. ಅಲ್ಲಿ ಅದು ನಾಯಕನ ಕಥೆಯೊಳಗೆ ಬಂದು ಸೇರುವ ಬಣ್ಣದ ಎಳೆ. ‘ಹದಿನೇಳೆಂಟು’ ಮಾಡಿದ್ದು ಬೇರೆ. ವಿಡಿಯೊ ಹೊರಬಿದ್ದ ಮರುದಿನ, ಅದರ ಮರುದಿನ, ಆಫೀಸಿನ ಬೆಂಚಿನ ಮೇಲೆ ಕಾಯುತ್ತ ಕೂತ ಅಪ್ಪ ಅಮ್ಮಂದಿರ ಮಧ್ಯಾಹ್ನ. ಸುದ್ದಿ ಪತ್ರಿಕೆ ಬಿಟ್ಟುಬಿಡುವ ಭಾಗವೇ ಈ ಸಿನಿಮಾದ ಪೂರ್ತಿ ವಸ್ತು.

ಈಗ ಎರಡನೆಯ ಪ್ರಶ್ನೆ, ಮಗನ ಜೊತೆ ಕೂತು ನೋಡಬಹುದೇ? ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಕಾರಣ ಇದೆ.

ನಮ್ಮ ಮಕ್ಕಳು ಮಯೂರ್ ವಿಹಾರದಲ್ಲೋ ಗುರುಗ್ರಾಮದಲ್ಲೋ ನೋಯ್ಡಾದಲ್ಲೋ ಬೆಳೆಯುತ್ತಾರೆ. ಕನ್ನಡ ಬರುತ್ತದೆ. ಆದರೆ ಯಾವ ಕನ್ನಡ? ‘ಊಟಕ್ಕೆ ಬಾ’, ‘ಹೋಮ್‌ವರ್ಕ್ ಮುಗೀತಾ’, ‘ಅಜ್ಜಿಗೆ ನಮಸ್ಕಾರ ಹೇಳು’. ಹತ್ತು ವರ್ಷದ ಮಗುವಿಗೆ ಸಾಕಾಗುವ ಕನ್ನಡ ಅದು. ಹದಿಮೂರು ದಾಟಿದ ಮೇಲೆ ಅವರಿಗೆ ಆಗುವ ನಾಚಿಕೆ, ಆಸೆ, ಸಿಟ್ಟು, ಗೆಳೆಯ ಮೋಸ ಮಾಡಿದ ನೋವು, ಇವೆಲ್ಲ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಆಗುತ್ತವೆ, ಹೊರಗೆ, ಗೆಳೆಯರ ನಡುವೆ. ಮನೆಗೆ ಬಂದ ಕೂಡಲೇ ಅದನ್ನು ಹೇಳಲು ಶಬ್ದ ಇಲ್ಲ. ನಾವು ‘ಇವನು ಮಾತೇ ಆಡಲ್ಲ’ ಅನ್ನುತ್ತೇವೆ. ಆಡಬೇಕಾದ ಮಾತನ್ನು ನಾವು ಕಲಿಸಿಯೇ ಇಲ್ಲವಲ್ಲ! ನಮ್ಮಲ್ಲೂ ಅದು ಪೂರ್ತಿ ಇರಲಿಲ್ಲ ಅನ್ನಿ, ನಮ್ಮ ಅಪ್ಪ ಅಮ್ಮಂದಿರು ಯಾವಾಗ ಕಲಿಸಿದ್ದರು? ಈ ಚಿತ್ರಗಳಲ್ಲಿ ಆ ವಯಸ್ಸಿನ ಮಕ್ಕಳು ಆ ಸಂಕಟವನ್ನು ಕನ್ನಡದಲ್ಲಿ ಪಡುತ್ತಾರೆ. ಮಾತಿನಲ್ಲೂ ಮೌನದಲ್ಲೂ. ಹದಿನಾರರ ಹುಡುಗನಿಗೆ ‘ಇದು ನಮ್ಮನೆ ಭಾಷೆಯಲ್ಲೂ ಆಗುತ್ತೆ’ ಎಂದು ಗೊತ್ತಾದರೆ, ಅಷ್ಟಾದರೂ ಬಾಗಿಲು ತೆರೆದ ಹಾಗೆ.

ಇದಕ್ಕೆ ಹೊಂದುವ ಇನ್ನೊಂದು ಚಿತ್ರ ಇದೆ, ಸುಮಂತ್ ಭಟ್ ಅವರ ‘ಮಿಥ್ಯ’. 2023ರಲ್ಲಿ ಮುಂಬಯಿಯ ಮಾಮಿ ಚಿತ್ರೋತ್ಸವದಲ್ಲಿ ತೋರಿಸಿ, 2025ರ ಮಾರ್ಚಿನಲ್ಲಿ ಥಿಯೇಟರಿಗೆ ಬಂತು. ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್ ನಿರ್ಮಾಣ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹನ್ನೊಂದರ ಹುಡುಗ ಮುಂಬಯಿಯಿಂದ ಉಡುಪಿಯ ನೆಂಟರ ಮನೆಗೆ ಬರಬೇಕಾಗುತ್ತದೆ. ದೊಡ್ಡ ಊರಿನ ಮಗು ಕರಾವಳಿಗೆ ಬಂದು, ಹೊಸ ಶಾಲೆ, ಹೊಸ ಮಾತು, ಹೊಸ ಗೆಳೆಯರ ನಡುವೆ ತನ್ನ ದುಃಖವನ್ನು ಎಲ್ಲಿಡಬೇಕು ಎಂದು ತಿಳಿಯದೆ ಒದ್ದಾಡುತ್ತದೆ. ಅತೀಶ್ ಶೆಟ್ಟಿ ಎಂಬ ಹುಡುಗ ಅದನ್ನು ಮುಖದಲ್ಲಿ ಹಿಡಿದಿಟ್ಟಿರುವ ರೀತಿ ನೋಡಬೇಕು. ಬೇಸಿಗೆ ರಜೆಗೆ ಊರಿಗೆ ಹೋದಾಗ ನಮ್ಮ ಮಕ್ಕಳು ಎರಡು ದಿನ ಮೂಲೆ ಹಿಡಿದು ಕೂರುತ್ತಾರಲ್ಲ, ಅವರಿಗೆ ಇದು ಮೊದಲ ಹತ್ತು ನಿಮಿಷದಲ್ಲೇ ಅರ್ಥವಾಗುತ್ತದೆ.

ಕೂತು ನೋಡುವವರಿಗೆ ಒಂದೆರಡು ಮಾತು. ‘ಹದಿನೇಳೆಂಟು’ವನ್ನು ನೀವು ಮೊದಲೊಮ್ಮೆ ನೋಡಿಬಿಡಿ, ಆಮೇಲೆ ಮಗನ ಜೊತೆ. ಇಲ್ಲದಿದ್ದರೆ ಮುಜುಗರದಲ್ಲಿ ನೀವೇ ರಿಮೋಟಿಗೆ ಕೈ ಹಾಕುತ್ತೀರಿ. ಮಗಳಿದ್ದರೆ ಮಗಳ ಜೊತೆಯೂ, ಇದು ಗಂಡುಮಕ್ಕಳಿಗೆ ಮಾತ್ರದ ಪಾಠ ಅಲ್ಲ. ಮುಗಿದ ಕೂಡಲೇ ‘ನೋಡಿದ್ಯಾ, ಅದಕ್ಕೇ ಹೇಳೋದು ಫೋನ್ ಕಡಿಮೆ ಮಾಡು ಅಂತ’ ಎಂದು ಶುರು ಮಾಡಬೇಡಿ, ದಮ್ಮಯ್ಯ. ಎದ್ದು ಹೋಗಿ ಟೀ ಮಾಡಿ. ಮಾತು ಬಂದರೆ ಬರಲಿ, ಬಾರದಿದ್ದರೆ ಎರಡು ದಿನ ಬಿಟ್ಟು ಬಂದೀತು, ಕಾರಿನಲ್ಲೋ ಮೆಟ್ರೋದಲ್ಲೋ, ನೀವು ಎದುರಾಎದುರು ಕೂರದೆ ಇರುವಾಗ. ‘ಘಟಶ್ರಾದ್ಧ’ಕ್ಕೆ ಮಕ್ಕಳ ಜೊತೆ ಅಜ್ಜಿಯೂ ಇದ್ದರೆ ಒಳ್ಳೆಯದು. ಆ ಚಿತ್ರದ ಎಷ್ಟೋ ಸಂಗತಿಗಳಿಗೆ ಅರ್ಥ ಹೇಳಬಲ್ಲವರು ಅವರೇ. ಕೆಲವು ಅಜ್ಜಿಯರು ಅರ್ಥ ಹೇಳುವುದು ಬಿಟ್ಟು ತಮ್ಮ ಓಣಿಯಲ್ಲಿ ಕಂಡ ಯಮುನಾಳ ಕಥೆ ಶುರು ಮಾಡುತ್ತಾರೆ. ಮಾಡಲಿ ಬಿಡಿ.

ಇನ್ನೊಂದು ಕೋರಿಕೆ. ಆರ್.ಕೆ. ಪುರದ ರಾವ್ ತುಲಾರಾಮ್ ಮಾರ್ಗದಲ್ಲಿ ದೆಹಲಿ ಕರ್ನಾಟಕ ಸಂಘದ ಸಭಾಂಗಣ ಇದೆ. ಯಕ್ಷಗಾನಕ್ಕೂ ನಾಟಕಕ್ಕೂ ಅಲ್ಲಿ ಸೇರುವ ನಾವು ಒಂದು ಭಾನುವಾರ ಮಧ್ಯಾಹ್ನ ಇಂಥ ಚಿತ್ರಕ್ಕೂ ಸೇರಬಹುದಲ್ಲ? ಹಳೆಯ ದೂರದರ್ಶನದ ಹೊತ್ತಿಗೇ ಇಟ್ಟರಾಯಿತು, ಊಟ ಮುಗಿಸಿ ಬರುವ ಹಾಗೆ. ಇಷ್ಟ ಇರುವವರು ನಮಗೆ ತಿಳಿಸಿ, ಹೆಸರು ಕೂಡಿಸಿ ಸಂಘದವರ ಹತ್ತಿರ ನಾವೇ ಮಾತಾಡುತ್ತೇವೆ.

ಮುಂದಿನ ತಿಂಗಳ ನಮ್ಮ ಅವಧಿಯಲ್ಲಿ ಇದೇ ವಿಷಯಕ್ಕೆ ಅರ್ಧ ಗಂಟೆ ಮೀಸಲು. ನಿಮಗೆ ಹದಿನಾರಾಗಿದ್ದಾಗ ನೋಡಿದ ಯಾವ ಚಿತ್ರ, ಅದರ ಯಾವ ಒಂದು ದೃಶ್ಯ ಇನ್ನೂ ಕಣ್ಣಿನಿಂದ ಹೋಗಿಲ್ಲ, ಫೋನ್ ಮಾಡಿ ಹೇಳಿ. ಈಗ ಹದಿನಾರಾಗಿರುವವರು ಮಾಡಿದರೆ ಇನ್ನೂ ಸಂತೋಷ. ಅವರು ಹಿಂದಿಯಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದರೂ ಸರಿ, ಕನ್ನಡದಲ್ಲಿ ಶುರು ಮಾಡಿ ನಡುವೆ ಶಬ್ದ ಸಿಗದೆ ನಿಂತರೂ ಸರಿ, ನಾವು ಕಾಯುತ್ತೇವೆ.